ಒಂದು ಗೇಣು ಒಳಗಿದ್ದ ಕಲ್ಲು

"ಗುರುಗಳೇ, ಕೇಳದೆ ಉಪಕಾರ ಮಾಡುವವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ತಿಪ್ಪೇಶ ಕೇಳಿದ. ಅವನು ಜ್ವರದಲ್ಲಿ ಮಲಗಿದ್ದಾಗ ಮಠದ ಇನ್ನೊಬ್ಬ ಶಿಷ್ಯ ಅವನ ಬಟ್ಟೆ ಒಗೆದು ಹಾಕಿದ್ದ. ಜ್ವರ ಬಿಟ್ಟಿತ್ತು, ಅನುಮಾನ ಬಿಟ್ಟಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಹಳೆಯ ಜೀಪೊಂದಿತ್ತು. ಹೊರಡುವಾಗಲೆಲ್ಲ ಅದರ ಅಡಿಯಲ್ಲಿ ಟಕ್ ಎಂದು ಸದ್ದು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ನಾಲ್ಕು ತೋಳಿನ ಕೀಲೊಂದು ಇರುತ್ತದೆ. ಗ್ಯಾರೇಜಿನವರು ಅದನ್ನು ಕ್ರಾಸ್ ಎನ್ನುತ್ತಾರೆ. ಅದು ಸವೆದಿದೆ, ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ. ಇವನು ಹಳೆಯದನ್ನೇ ಒರೆಸಿ, ಗ್ರೀಸ್ ಬಳಿದು ಮತ್ತೆ ಕೂರಿಸುತ್ತಾನೆ ಎಂದು ವ್ಯಾಪಾರಿಗೆ ಅನ್ನಿಸಿತು. ಹೊಸ ಕ್ರಾಸನ್ನು ತಾನೇ ಕೊಂಡ. ಅಂಗಡಿಯವನನ್ನೂ ನಂಬಲಿಲ್ಲ, ನಾಲ್ಕೂ ತುದಿಯ ಮುಚ್ಚಳ ತೆಗೆಸಿ, ಒಳಗಿನ ಸೂಜಿಯಂಥ ಉಕ್ಕಿನ ಕಡ್ಡಿಗಳನ್ನು ಉಗುರಿನಿಂದ ಮೀಟಿ ನೋಡಿಯೇ ತಂದ. ಮನೆಯಲ್ಲಿ ತಾನೇ ಹಾಕುವುದೆಂದು ತೀರ್ಮಾನಿಸಿದ.

ಮನೆ ಇಳಿಜಾರಿನಲ್ಲಿತ್ತು. ಪಕ್ಕದ ಮನೆ ಒಬ್ಬ ಗಾರೆ ಮೇಸ್ತ್ರಿಯದು. ಇಬ್ಬರ ಜಾಗದ ನಡುವೆ ಗೋಡೆಯಿರಲಿಲ್ಲ, ಗಡಿಯ ಜಗಳ ಮಾತ್ರ ಇತ್ತು. ಆ ಗಡಿಯ ಬದಿಯಲ್ಲೇ ಜೀಪು ಏರಿಗೆ ಮುಖ ಮಾಡಿ ನಿಂತಿತ್ತು. ಮೇಸ್ತ್ರಿ ಒಂದು ಸೈಜುಗಲ್ಲು ಹೊತ್ತು ತಂದು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟ.

"ಇದ್ಯಾಕೆ ಮೇಸ್ತ್ರೀ?"

"ಇಳಿಜಾರು ಸಾವ್ಕಾರ್ರೇ. ಗಾಡಿ ಜಾರಿದ್ರೆ?"

"ಗೇರಲ್ಲಿ ನಿಲ್ಲಿಸಿದ್ದೀನಿ. ಹ್ಯಾಂಡ್‌ಬ್ರೇಕ್ ಎಳೆದಿದ್ದೀನಿ. ನಿನ್ನ ಕಲ್ಲು ನಿನ್ನ ಜಾಗದಲ್ಲಿರಲಿ."

ವ್ಯಾಪಾರಿ ಕಲ್ಲನ್ನು ನೋಡಿದ. ಅದು ಗಡಿಯಿಂದ ಒಂದು ಗೇಣು ತನ್ನ ಕಡೆಗಿತ್ತು. ಇವತ್ತು ಚಕ್ರಕ್ಕೆ ಕೊಟ್ಟ ಕಲ್ಲು ನಾಳೆ ಗಡಿಗಲ್ಲಾಗುತ್ತದೆ. ನಾಡಿದ್ದು ನಾಲ್ಕು ಜನರನ್ನು ಕರೆದು, ಇದು ಅಜ್ಜನ ಕಾಲದಿಂದಲೂ ಇಲ್ಲೇ ಇತ್ತು ಎನ್ನುತ್ತಾನೆ. ಹೀಗೆಂದುಕೊಂಡ ವ್ಯಾಪಾರಿ ಅದನ್ನು ಕಾಲಿನಿಂದ ಆಚೆಗೆ ಉರುಳಿಸಿ ಜೀಪಿನ ಕೆಳಗೆ ನುಸುಳಿದ.

ಬೋಲ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೊನೆಯದು ಉಳಿದಿತ್ತು. ಆಗ ನೆಲಕ್ಕೆ ಕಲ್ಲು ಉಜ್ಜುವ ಸದ್ದು ಕೇಳಿಸಿತು. ಕತ್ತು ಹೊರಳಿಸಿದರೆ ಮೇಸ್ತ್ರಿಯ ಪಾದಗಳು. ಅದೇ ಕಲ್ಲು, ಅದೇ ಗೇಣು.

"ತೆಗಿ ಅದನ್ನ."

"ನೀವೇ ಎದ್ದು ಬಂದು ತೆಗೀರಿ. ಬರೋವಾಗ ಟೇಪೂ ತನ್ನಿ, ಅಳೆಯೋಣ."

ಇದೊಂದು ಬಿಚ್ಚಿದ ಮೇಲೆ ಹೋಗಿ ಎಸೆಯುತ್ತೇನೆ ಎಂದುಕೊಂಡು ವ್ಯಾಪಾರಿ ಸ್ಪ್ಯಾನರ್ ತಿರುಗಿಸಿದ. ಶಾಫ್ಟು ಕಿವಿಯ ಪಕ್ಕ ಬಿತ್ತು. ಆ ಜಾತಿಯ ಹಳೆಯ ಜೀಪಿನಲ್ಲಿ ಗೇರು ಹಿಡಿಯುವುದೂ ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಆ ಶಾಫ್ಟನ್ನೇ, ಚಕ್ರವನ್ನಲ್ಲ. ಶಾಫ್ಟು ಕಳಚಿದ ಮೇಲೆ ಎರಡೂ ಇದ್ದು ಇಲ್ಲದಂತೆ. ಜೀಪು ಒಮ್ಮೆ ಹಿಂದಕ್ಕೆ ಜಗ್ಗಿ ಕಲ್ಲಿಗೆ ಒರಗಿ ನಿಂತಿತು. ಕಲ್ಲಿಲ್ಲದಿದ್ದರೆ ಅಡ್ಡಲಾಗಿ ಮಲಗಿದ್ದವನ ಮೇಲೆ ಮುಂದಿನ ಚಕ್ರ ಹಾಯುವುದಿತ್ತು.

ವ್ಯಾಪಾರಿ ತೆವಳಿಕೊಂಡು ಹೊರಗೆ ಬಂದ. ಬಹಳ ಹೊತ್ತು ಕಲ್ಲನ್ನು ನೋಡಿದ. ಮುಟ್ಟಲಿಲ್ಲ, ಮತ್ತೆ ಕೆಳಗೆ ಹೋಗುವುದಿತ್ತು. ಹಳೆಯ ಕ್ರಾಸನ್ನು ಬಡಿದು ತೆಗೆದ, ಹೊಸದನ್ನು ಕೂರಿಸಿ ಜಾರದಂತೆ ಲಾಕು ಹಾಕಿದ, ಶಾಫ್ಟು ಬಿಗಿದ. ಟಕ್ ಎನ್ನುವ ಸದ್ದು ನಿಂತಿತು.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ತಿಪ್ಪೇಶನ ಮುಖ ಹಗುರಾಯಿತು.

"ತಿಳಿಯಿತು ಗುರುಗಳೇ. ಮೇಸ್ತ್ರಿಯ ಮನಸ್ಸು ಶುದ್ಧವಾಗಿತ್ತು. ವ್ಯಾಪಾರಿಯ ಅನುಮಾನ ಸುಳ್ಳಾಯಿತು."

"ಸುಳ್ಳಾಗಲಿಲ್ಲ," ಎಂದರು ಗುರುಗಳು. "ಮರುತಿಂಗಳು ಮೇಸ್ತ್ರಿ ಆ ಕಲ್ಲಿನ ನೇರಕ್ಕೇ ಗೋಡೆ ಎಬ್ಬಿಸಿದ, ಜಗಳಕ್ಕೆ ನಿಲ್ಲಲು ವ್ಯಾಪಾರಿ ಬದುಕಿದ್ದ."