ಯಮನಪ್ಪನ ಸನಾದಿ ಸುಮ್ಮನಿದ್ದ ದಿನಗಳು

ಪೂಜ್ಯ ಬಸಲಿಂಗವ್ವ ತಾಯಿಯವರಿಗೆ ಮಠವೆಂದರೆ ಗಾಣದ ಓಣಿಯ ಒಂದು ತಗಡಿನ ಚಪ್ಪರ, ಆಸನವೆಂದರೆ ಮಡಚಿದ ಗೋಣಿಚೀಲ. ಅಲ್ಲಿಯ ಬೆಳಗಿನ ಪೂಜೆ ಯಮನಪ್ಪ ಭಜಂತ್ರಿಯ ಸನಾದಿಯಿಂದ ಆರಂಭವಾಗಿ, ತಾಯಿಯವರು ಹಾಡುವ ಮಂಗಳಾರತಿಯ ಪದದಿಂದ ಮುಗಿಯುತ್ತಿತ್ತು.

ಒಂದು ಚಳಿಗಾಲ ಯಮನಪ್ಪನಿಗೆ ನೆಗಡಿಯಾಯಿತು. ನೆಗಡಿಯೇನೋ ಹೋಯಿತು, ಅದರ ಪರಿವಾರ ಮಾತ್ರ ಬೀಡುಬಿಟ್ಟಿತು. ಬಲಗಿವಿ ಮುಚ್ಚಿಕೊಂಡಿತು, ಗಂಟಲಲ್ಲಿ ಕಫ ನಿಂತಿತು, ಬಗ್ಗಿದರೆ ಹುಬ್ಬಿನ ಮೇಲೆ ಗುಂಡುಕಲ್ಲು ಇಟ್ಟಷ್ಟು ಭಾರ. “ಇಳಿಯಲು ಸಮಯ ಬೇಕು, ಊದಬೇಡ” ಎಂದರು ವೈದ್ಯರು. ಅವನು ಕೇಳುವ ಆಸಾಮಿಯೇ? ಊದಿದ. ತನ್ನ ಸ್ವರ ತನಗೇ ಸರಿಯಾಗಿ ಕೇಳದೆ ಸನಾದಿ ಶ್ರುತಿ ತಪ್ಪಿತು. ಪೂಜೆಗೆ ಬಂದವರು ಮುಸಿಮುಸಿ ನಕ್ಕರು. ಮಠದ ಹಿರಿಯರಾದ ಗುರುಪಾದಪ್ಪನವರು ಬೇರೆ ಊರಿನಿಂದ ವಾದ್ಯದವನನ್ನು ಕರೆಸುವ ಮಾತೆತ್ತಿದರು.

ಮರುದಿನ ಯಮನಪ್ಪ ಚಪ್ಪರದೊಳಗೆ ನುಗ್ಗಿ ಸನಾದಿಯನ್ನು ತಾಯಿಯವರ ಮುಂದೆ ಕುಕ್ಕಿದ. ನಮಸ್ಕಾರವನ್ನೂ ಮಾಡಲಿಲ್ಲ.

“ತಿಳುವಳಿಕಿ ಬಂದಾಗಿಂದ ನಿಮ್ಮ ದೇವರಿಗೇ ಊದೀನಿ ಯವ್ವಾ. ಅವಗ ಮುಚ್ಚಾಕ ನನ್ನ ಕಿವೀನ ಬೇಕಿತ್ತೇನು? ನಾ ಈ ಜಾಗಾ ಬಿಡಂಗಿಲ್ಲ. ಬ್ಯಾರೆಯವ ಬರೋದಾದ್ರ ನನ್ನ ಹೆಣಾ ದಾಟಿ ಬರ್ಲಿ!”

ಕೂಡಿದವರು ಬೆಚ್ಚಿದರು. ತಾಯಿಯವರು ಮಾತ್ರ ನಸುನಕ್ಕು ಗುರುಪಾದಪ್ಪನವರತ್ತ ತಿರುಗಿದರು.

“ಮಗಗ ನೆಗಡಿ ಬಂತಂದ್ರ ಬ್ಯಾರೆ ಮಗನ್ನ ತರ್ತಾರೇನಪಾ? ಇವ ಆರಾಮ ಆಗೋತನಕ ಪೂಜಿ ಸುಮ್ಮನ ನಡೀಲಿ.”

ವಾದ್ಯವಿಲ್ಲದ ಪೂಜೆ ಅಪಶಕುನವೆಂದು ಹಿರಿಯರು ತಕರಾರು ತೆಗೆದರು.

“ಆ ಅಪಶಕುನ ನನಗಿರ್ಲಿ” ಎಂದರು ತಾಯಿಯವರು.

ಅಂದಿನಿಂದ ಸನಾದಿ ದೇವರ ಪಕ್ಕದಲ್ಲಿ ಮೂಕವಾಗಿ ಮಲಗಿತು. ನಸುಕಿನ ಕೊರೆಯುವ ಚಳಿಯಲ್ಲಿ ತಾಯಿಯವರು ತಾವೇ ನೀರು ಕಾಯಿಸಿ, ಯಮನಪ್ಪನ ತಲೆಗೆ ಕಂಬಳಿ ಹೊದಿಸಿ ಹಬೆ ಕೊಡಿಸುತ್ತಿದ್ದರು. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಲು ಬಂದವರನ್ನು ಗದರಿಸಿ ಕಳಿಸುತ್ತಿದ್ದರು. ಅವನೋ ಮುಖ ಊದಿಸಿಕೊಂಡೇ ಕೂರುತ್ತಿದ್ದ. ಯಾರ ಮೇಲಿನ ಸಿಟ್ಟೆಂದು ಅವನಿಗೇ ತಿಳಿಯದು.

ಒಂದು ಮುಂಜಾನೆ ಹಬೆ ತೆಗೆದುಕೊಳ್ಳುತ್ತ ಆಕಳಿಸಿದಾಗ ಬಲಗಿವಿ ಟಪ್ಪೆಂದು ಬಿಟ್ಟುಕೊಂಡಿತು. ಆ ಕಿವಿಗೆ ಮೊದಲು ಬಿದ್ದದ್ದು ತಾಯಿಯವರ ಕೆಮ್ಮು. ಕಂಬಳಿ ಸರಿಸಿ ನೋಡಿದ. ಒಲೆಯ ಬಳಿ ತಾಯಿಯವರು ತೆಳ್ಳನೆಯ ಸೀರೆಯ ಸೆರಗನ್ನೇ ಹೊದ್ದು ನಡುಗುತ್ತಿದ್ದರು. ಆ ಚಪ್ಪರದಲ್ಲಿ ಇದ್ದದ್ದೇ ಒಂದು ಕಂಬಳಿ. ಅದು ಅವನ ತಲೆಯ ಮೇಲಿತ್ತು.

ಕಿವಿ ಬಿಟ್ಟ ಸುದ್ದಿಗೆ ಜನ ಸೇರಿದರು. “ಊದಪಾ” ಎಂದರು ತಾಯಿಯವರು, ಚಳಿಗೆ ಕಟ್ಟಿದ ಗಂಟಲಲ್ಲಿ.

ಯಮನಪ್ಪ ಸಾಷ್ಟಾಂಗ ಎರಗಿದ. ಎದ್ದವನು ಕಂಬಳಿಯನ್ನು ತಾಯಿಯವರಿಗೆ ಹೊದಿಸಿ, “ಊದಂಗಿಲ್ರಿ ಯವ್ವಾ” ಎಂದ.

ಗುರುಪಾದಪ್ಪನವರು ಸಿಡುಕಿದರು. “ಈಗೇನಪಾ ನಿಂದು? ಮಂಗಳಾರತಿ ಇವತ್ತ ಬ್ಯಾರೆ ಯಾರರೆ ಹಾಡ್ತಾರ. ನೀ ಊದು.”

ಯಮನಪ್ಪ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ತಿರುಗಿ ನಿಂತ.

“ಗಂಟಲಾ ಕಟ್ಟೈತಿ ಅಂತ ಬ್ಯಾರೆ ತಾಯಿನ್ನ ತರ್ತೀರೇನ್ರಿ?”

ಅಂದಿನ ಪೂಜೆಯೂ ಸುಮ್ಮನೆ ನಡೆಯಿತು. ಗುರುಪಾದಪ್ಪನವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆಂಕಿ ಊದಿದರು.