ಗರಿಕೆಯ ಗೆಣ್ಣು

“ಗುರುಗಳೇ, ನನ್ನ ಅಹಂಕಾರವನ್ನು ಮೂರೇ ದಿನದಲ್ಲಿ ಬೇರುಸಹಿತ ಕಿತ್ತು ಒಗೆದಿದ್ದೇನೆ. ಇನ್ನು ಊರೂರು ತಿರುಗಿ ಬೋಧನೆ ಮಾಡಲು ಹೊರಡಬಹುದಲ್ಲವೆ?” ಎಂದು ಶಿಷ್ಯನೊಬ್ಬ ಕೇಳಿದ. ಜೋಳಿಗೆ ಆಗಲೇ ಅವನ ಹೆಗಲೇರಿತ್ತು.

“ಹೊರಡುವೆಯಂತೆ, ಕೂತುಕೋ” ಎಂದು ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರೈತ ಪೇರಲ ಸಸಿ ನೆಟ್ಟಿದ್ದ. ಸಾಲುಗಳ ನಡುವೆ ಗರಿಕೆ ಹಬ್ಬಿತು. ಸಸಿಗೆ ಹಾಕಿದ ಗೊಬ್ಬರವನ್ನು ತಾನುಂಡು ಕೊಬ್ಬಿತು. ಸಸಿಗಳು ಹಳದಿಗೆ ತಿರುಗಿದವು. ಹುಲ್ಲು ಹೋಗದಿದ್ದರೆ ತೋಟವೇ ಹೋಗುತ್ತಿತ್ತು.

ಪಕ್ಕದ ಹೊಲದ ಅಜ್ಜಿ ಬದುವಿನ ಮೇಲೆ ನಿಂತು, “ಉಳುವ ಮೊದಲು ಅದರ ಬುಡ ನೋಡೋ ತಮ್ಮಾ” ಎಂದಳು.

“ಚಿಕ್ಕಂದಿನಿಂದ ಗಣಪನಿಗೆ ಅದರ ಕುಡಿ ಚಿವುಟಿದವನು ನಾನು. ನನಗೇ ಗರಿಕೆಯ ಗುರುತು ಹೇಳುತ್ತೀಯಾ ಅಜ್ಜೀ? ಇನ್ನೊಂದು ಎಸಳು ಎದ್ದರೆ ಈ ಮೀಸೆ ಬೋಳಿಸಿಕೊಳ್ಳುತ್ತೇನೆ!”

ಉದ್ದ ಉತ್ತ, ಅಡ್ಡ ಉತ್ತ, ಮೇಲೆ ಕುಂಟೆ ಹೊಡೆದ. ತೋಟ ಸಾರಿಸಿದ ಅಂಗಳದಂತಾಯಿತು. ದಾರಿಹೋಕರನ್ನೆಲ್ಲ ಕರೆದು ತೋರಿಸಿದ. ನಾಲ್ಕನೆಯ ದಿನ ಮಳೆ ಬಂತು. ಹದಿನೈದನೆಯ ದಿನ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಗರಿಕೆ.

ಅಜ್ಜಿ ಒಂದು ಬಳ್ಳಿ ಎಳೆದು ಅವನ ಕೈಗಿಟ್ಟಳು. ಗೆಣ್ಣುಗೆಣ್ಣಿಗೂ ಬೇರು. “ಕುಡಿ ಕಂಡಿದ್ದೆ ನೀನು, ಬುಡ ಕಂಡಿರಲಿಲ್ಲ. ನೇಗಿಲು ಕತ್ತರಿಸಿದ ತುಂಡಿಗೊಂದು ಗಿಡ. ನೀನು ಕಳೆ ತೆಗೆಯಲಿಲ್ಲವೋ, ಬಿತ್ತಿದೆ. ಅದಿರಲಿ, ಕ್ಷೌರಿಕನಿಗೆ ಹೇಳಿ ಕಳಿಸಲೇನು?”

ಮೀಸೆ ಹೋಯಿತು. ಆಮೇಲೆ ರೈತ ಬಾಯಿ ಮುಚ್ಚಿಕೊಂಡು ಮಂಡಿಯೂರಿದ. ಮಣ್ಣು ಸಡಿಲಿಸಿ, ಬಳ್ಳಿ ತುಂಡಾಗದಂತೆ ಬಿಡಿಸಿ, ಬಂಡೆಯ ಮೇಲೆ ಬಿಸಿಲಿಗೆ ಹರವಿದ. ಸಾಲುಗಳಿಗೆ ಒಣಸೊಪ್ಪು ದಪ್ಪಗೆ ಹೊದಿಸಿದ. ದಿನಾ ಬೆಳಗ್ಗೆ ಒಂದು ಸುತ್ತು ಹಾಕಿ ಹೊಸ ಚಿಗುರು ಹುಡುಕಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಕೊಂಬೆಗಳು ಹಣ್ಣಿನ ಭಾರಕ್ಕೆ ಬಾಗಿದವು. “ಹುಲ್ಲು ಮುಗಿಯಿತೇನಪ್ಪಾ?” ಎಂದು ಯಾರಾದರೂ ಕೇಳಿದರೆ, “ಇವತ್ತಿನದು ಮುಗಿಯಿತು” ಎನ್ನುತ್ತಿದ್ದ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಹೆಡ್ಡ! ನಾನಾಗಿದ್ದರೆ ಮೊದಲ ದಿನವೇ ಬುಡ ನೋಡುತ್ತಿದ್ದೆ” ಎಂದು ಜೋಳಿಗೆ ಸರಿಪಡಿಸಿಕೊಂಡು ಎದ್ದ.

ಗುರುಗಳು ಕೇಳಿದರು: “ಅಹಂಕಾರ ಕಿತ್ತೊಗೆದ ಸುದ್ದಿಯನ್ನು ಇಲ್ಲಿಗೆ ಬರುವ ದಾರಿಯಲ್ಲಿ ಎಷ್ಟು ಜನಕ್ಕೆ ಹೇಳಿದೆ?”