ಬಳೆಯ ಅಳತೆ

"ಗುರುಗಳೇ, ಇನ್ನು ನಾನು ಊರೂರಿಗೆ ಹೋಗಿ ಜನಕ್ಕೆ ನಾಲ್ಕು ಮಾತು ಹೇಳಬಹುದಲ್ಲವೇ?" ಎಂದು ಮರುಳಸಿದ್ಧ ಕೇಳಿದ.

ಅವನಿಗೆ ಅನುಮಾನವೇನೂ ಇರಲಿಲ್ಲ. ಮಠಕ್ಕೆ ಬರುವ ಪತ್ರಿಕೆಗಳನ್ನು ಒಂದಕ್ಷರ ಬಿಡದೆ ಓದುತ್ತಿದ್ದ. ಸೋಮವಾರ ಭಕ್ತರು ಸೇರಿದಾಗ ವಾರದ ಸುದ್ದಿಯನ್ನೆಲ್ಲ ವಿವರಿಸುತ್ತಿದ್ದ. ಯಾವ ದೇಶದ ದೊರೆ ಎಲ್ಲಿ ಎಡವಿದ, ಯಾವ ಊರಿನ ಸೇತುವೆ ಏಕೆ ಕುಸಿಯಿತು, ಎಲ್ಲಕ್ಕೂ ಅವನ ಬಳಿ ಒಂದು ಅಭಿಪ್ರಾಯವಿತ್ತು.

"ಹೋಗುವೆಯಂತೆ, ಕೂತುಕೋ," ಎಂದರು ಗುರುಗಳು. "ನಿನ್ನಂಥವನೇ ಒಬ್ಬನ ಕತೆ ಹೇಳುತ್ತೇನೆ."

ಒಬ್ಬ ಬಳೆಗಾರನಿದ್ದ. ಬಳೆಯ ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗುವುದು ಅವನ ಕಸುಬು. ಬಳೆಯ ಜೊತೆಗೆ ಸುದ್ದಿಯನ್ನೂ ಹೊತ್ತು ತರುತ್ತಿದ್ದ. ನಿಜ ಹೇಳಬೇಕೆಂದರೆ ಬಳೆಗಿಂತ ಸುದ್ದಿಯ ಹೊರೆಯೇ ದೊಡ್ಡದು. ಅವನು ಊರಿಗೆ ಕಾಲಿಟ್ಟರೆ ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದು ಕೂರುತ್ತಿದ್ದರು. ಅವನು ತಂದ ಸುದ್ದಿ ಸುಳ್ಳಾದದ್ದಿಲ್ಲ. ಅದು ಅವನಿಗೂ ಗೊತ್ತಿತ್ತು, ಆದ್ದರಿಂದ ನಡಿಗೆಯಲ್ಲಿ ಸ್ವಲ್ಪ ಬಿಗುಮಾನ ಇತ್ತು.

ಒಂದು ವರ್ಷ ಗೌರಿ ಹಬ್ಬ ಹತ್ತಿರ ಬಂದಾಗ ಒಬ್ಬ ರೈತನ ಹೆಂಡತಿ ಅವನನ್ನು ಕರೆದಳು. ಅವಳಿಗೆ ಒಬ್ಬಳೇ ಮಗಳು. ದೂರದ ಊರಿಗೆ ಕೊಟ್ಟಿದ್ದರು. ಮದುವೆಯ ಮಾರನೆಯ ವರ್ಷದಿಂದ ಗಂಡನ ಮನೆಯವರು ಅವಳನ್ನು ತವರಿಗೆ ಕಳಿಸಿರಲಿಲ್ಲ. ಹೇಳಿ ಕಳಿಸಿದಾಗಲೆಲ್ಲ ಒಂದೊಂದು ನೆಪ ಬರುತ್ತಿತ್ತು. ತಾಯಿಗೆ ಒಳಗೊಳಗೇ ದಿಗಿಲು.

"ತವರಿನ ಬಳೆ ಅಂತ ಹೇಳಿ ಕೈ ತುಂಬ ತೊಡ್ಸು. ಅವ್ಳು ಎಂಗವ್ಳೆ ಅಂತ ನೋಡ್ಕೊಂಡ್ ಬಾರಪ್ಪ," ಎಂದಳು.

"ನೋಡ್ಕೊಂಡ್ ಬರೋದ್ರಲ್ಲಿ ನನ್ನನ್ ಮೀರ್ಸೋರು ಯಾರವ್ರೆ ಬಿಡವ್ವ," ಎಂದು ಬಳೆಗಾರ ಹೊರಟ.

ಮಗಳ ಮನೆ ಸಿಕ್ಕಿತು. ಅತ್ತೆ ಅವನನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಸೊಸೆಯನ್ನು ಕರೆದು ಕೂರಿಸಿ, ತಾನೂ ಪಕ್ಕದಲ್ಲೇ ಕುಳಿತಳು. ಅಕ್ಕಪಕ್ಕದ ಹೆಂಗಸರೂ ಬಂದರು. ಇಷ್ಟು ಜನ ಸೇರಿದ ಮೇಲೆ ಬಳೆಗಾರನ ಬಾಯಿಗೆ ತಡೆಯುಂಟೇ? ಬಡಗಲ ಸೀಮೆಯಲ್ಲಿ ದಂಡು ಇಳಿದದ್ದು, ಇಬ್ಬರು ಗೌಡರು ಒಂದು ಮಾವಿನ ಮರಕ್ಕೆ ಬಡಿದಾಡಿದ್ದು, ಬೆಲ್ಲದ ಧಾರಣೆ ಬಿದ್ದದ್ದು, ಒಂದೊಂದನ್ನೂ ಹೇಳಿ, ಯಾರದು ಸರಿ ಯಾರದು ತಪ್ಪು ಎಂದು ತೀರ್ಮಾನವನ್ನೂ ಕೊಟ್ಟ.

ಹೇಳುತ್ತಲೇ ಮಗಳ ಕೈ ಹಿಡಿದು ಬಳೆ ತೊಡಿಸಿದ. ಅವಳ ಮದುವೆಗೆ ಬಳೆ ತೊಡಿಸಿದವನೂ ಅವನೇ. ಅದೇ ಅಳತೆಯ ಬಳೆ ತೆಗೆದ. ಅದು ಮೊಣಕೈವರೆಗೆ ಜಾರಿತು. ಮಾತು ನಿಲ್ಲಿಸದೆ ಅದನ್ನು ತೆಗೆದಿಟ್ಟು ಇನ್ನೊಂದು ಅಳತೆಗೆ ಕೈಹಾಕಿದ. ಅದೂ ನಿಲ್ಲಲಿಲ್ಲ. ಕೊನೆಗೆ ಎಲ್ಲಕ್ಕಿಂತ ಸಣ್ಣದು ಸರಿಹೋಯಿತು. ಬಳೆ ತೊಟ್ಟ ಮೇಲೂ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಗೌಡರ ಕತೆ ಇನ್ನೂ ಮುಗಿದಿರಲಿಲ್ಲ, ಬಳೆಗಾರನೇ ಕೈ ಬಿಟ್ಟು ಮುಂದಿನವಳನ್ನು ಕರೆದ.

ತಿರುಗಿ ಬಂದು ತಾಯಿಯ ಮುಂದೆ ಠೀವಿಯಿಂದ ಕುಳಿತ. ಅಳಿಯ ಹೊಸ ಜೋಡೆತ್ತು ಕಟ್ಟಿದ್ದಾನೆ ಎಂದ. ಮನೆಗೆ ಹೆಂಚು ಹೊದಿಸಿದ್ದಾರೆ, ಕಣಜದಲ್ಲಿ ರಾಗಿ ತುಂಬಿ ತುಳುಕುತ್ತಿದೆ, ಅತ್ತೆ ಸೊಸೆಯ ಪಕ್ಕ ಬಿಟ್ಟು ಏಳಲಿಲ್ಲ ಎಂದ. ಎಲ್ಲವೂ ನಿಜವೇ. ತಾಯಿ ಕೊನೆಯವರೆಗೂ ಕೇಳಿದಳು.

"ಯಾವ ಅಳ್ತೆ ಬಳೆ ತೊಡ್ಸ್ದೆ?" ಎಂದಳು.

"ಮದ್ವೆ ಅಳ್ತೇದು ನಿಲ್ಲಲಿಲ್ಲ ಕಣವ್ವ, ಅದಕ್ಕೆ ಚಿಕ್ಕ..." ಎಂದವನು ಅಲ್ಲಿಗೇ ನಿಂತ. ತನ್ನ ಬೆರಳುಗಳನ್ನೇ ನೋಡಿಕೊಂಡ. ಆ ಕೈಯ ಮೂಳೆ ಈಗ ಅವನ ಬೆರಳಿಗೆ ಸಿಕ್ಕಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ತಾಯಿ ಎದ್ದಳು. ಅಳುತ್ತ ಕೂರಲಿಲ್ಲ. ಗಂಡನನ್ನು ಕೂಗಿ ಗಾಡಿ ಕಟ್ಟಿಸಿ ಆಗಲೇ ಹೊರಟಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರೂ ಬಿಡದೆ ಮಗಳನ್ನು ಗಾಡಿಗೆ ಹತ್ತಿಸಿಕೊಂಡು ಬಂದಳು. ರಾಗಿ ತುಂಬಿದ ಆ ಮನೆಯಲ್ಲಿ ಸೊಸೆಗೆ ಹೊಟ್ಟೆಗೆ ಇಕ್ಕುತ್ತಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದು ನಾಡಿ ನೋಡಿದ ಪಂಡಿತ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಬಳೆಗಾರನ ಮೇಲೆ ಕನಿಕರ ಹುಟ್ಟಿತು.

"ಪಾಪ, ಅವನದೇನು ತಪ್ಪು ಗುರುಗಳೇ? ಕಂಡದ್ದನ್ನು, ಕೇಳಿದ್ದನ್ನು ಇದ್ದ ಹಾಗೆ ಹೇಳಿದ. ಒಂದಾದರೂ ಸುಳ್ಳು ಹೇಳಿದನೇ?"

"ಇಲ್ಲಪ್ಪ," ಎಂದರು ಗುರುಗಳು, "ಅವಳ ಕೈ ಹಿಡಿದುಕೊಂಡು ಲೋಕದ ಸುದ್ದಿ ಹೇಳಿದ."